ಪುಟ್ಟಮಾದಮ್ಮನ ಬಲಗೈ

ಮಧುವನಹಳ್ಳಿಯಲ್ಲಿ ಯಾರ ಮನೆಗೆ ರೇಷ್ಮೆ ಮೊಟ್ಟೆ ಬಂದರೂ ಮೊದಲು ಕರೆ ಹೋಗುತ್ತಿದ್ದುದು ಪುಟ್ಟಮಾದಮ್ಮನಿಗೆ. ಮೊಟ್ಟೆಯ ಹಾಳೆ ನೀಲಿಗೆ ತಿರುಗಿದ ಮಾರನೆಯ ಬೆಳಗ್ಗೆ ಕೂದಲೆಳೆಯಂಥ ಕರಿ ಹುಳಗಳು ಅದರ ಮೇಲೆ ಮಿಸುಕಾಡತೊಡಗುತ್ತವೆ. ಅವನ್ನು ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆಯ ಎಳೆಸೊಪ್ಪಿನ ತಟ್ಟೆಗೆ ಇಳಿಸಬೇಕು. ಇಳಿಸುವ ಕೈ ಒಳ್ಳೆಯದಾದರೆ ಗೂಡೂ ಒಳ್ಳೆಯದಾಗುತ್ತದೆ ಅನ್ನುವುದು ಊರಿನ ನಂಬಿಕೆ. ಪುಟ್ಟಮಾದಮ್ಮ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಬಲಗೈಯಲ್ಲಿ ಕೋಳಿಗರಿ ಹಿಡಿದು ಕೂತರೆ ಒಂದು ಹುಳಕ್ಕೂ ನೋವಾಗುತ್ತಿರಲಿಲ್ಲ, ಒಂದೂ ಹಾಳೆಯಲ್ಲಿ ಉಳಿಯುತ್ತಿರಲಿಲ್ಲ. ಮನೆಯವರು ಹೊಟ್ಟೆ ತುಂಬ ಉಣ್ಣಿಸಿ, ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಓದು ಬಾರದ, ಮೈಮೇಲೆ ಗುಲಗಂಜಿ ಚಿನ್ನವಿಲ್ಲದ ಹೆಂಗಸನ್ನು ಊರು ಎದ್ದು ನಿಂತು ಮಾತಾಡಿಸುತ್ತಿತ್ತು ಅಂದರೆ ಅದು ಆ ಬಲಗೈಯ ದೆಸೆಯಿಂದ.

ತೊಂಬತ್ತೆರಡನೇ ಇಸವಿ, ದೀಪಾವಳಿ ಕಳೆದ ಮೇಲೆ, ಆ ಕೈಯಲ್ಲೇ ತುರಿಕೆ ಎದ್ದಿತು.

ಮೊದಲು ಅಂಗೈಯ ಗೆರೆಗಳಲ್ಲಿ ರಾಗಿ ಹಿಟ್ಟು ಕೂತ ಹಾಗೆ ಬೆಳ್ಳಗೆ ಕಂಡಿತು. ಹಿಟ್ಟೇ ಇರಬೇಕೆಂದು ಉಜ್ಜಿ ತೊಳೆದಳು. ಒಣಗಿದ ಮೇಲೆ ಮತ್ತೆ ಬಿಳಿ. ವಾರ ಕಳೆಯುವುದರೊಳಗೆ ಬೆರಳ ಸಂದಿಯಲ್ಲಿ ಹೊಟ್ಟು ಹೊಟ್ಟಾಗಿ ಸಿಪ್ಪೆ ಏಳತೊಡಗಿತು. ಕೊಬ್ಬರಿ ಎಣ್ಣೆ ಸವರಿದಳು, ಬೇವಿನಸೊಪ್ಪು ಅರೆದು ಮೆತ್ತಿದಳು. ಎಡಗೈ ಮಾತ್ರ ಚೆನ್ನಾಗಿಯೇ ಇತ್ತು. ಒಂದು ಕೈಗೆ ತಾನೆ, ತಾನಾಗೇ ವಾಸಿಯಾಗುತ್ತದೆ ಬಿಡು ಅಂತ ಸುಮ್ಮನಾದಳು.

ಅದೇ ಹೊತ್ತಿಗೆ ಪಕ್ಕದ ಮನೆಯ ದೊಡ್ಡಸಿದ್ದಯ್ಯನ ಬೆಳೆ ಹಾಳಾಯಿತು. ಆ ಬೆಳೆಯ ಹುಳ ಇಳಿಸಿದ್ದವಳು ಪುಟ್ಟಮಾದಮ್ಮನೇ. ನಾಲ್ಕನೇ ಜ್ವರ ಎದ್ದು, ಅಂದರೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಇನ್ನೇನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಸುಣ್ಣಕಟ್ಟು ರೋಗ ಬಿತ್ತು. ಈ ರೋಗ ಬಂದ ಹುಳ ಸತ್ತು ಸೆಟೆದುಕೊಂಡು, ಮೈಮೇಲೆ ಬೂಷ್ಟು ಹುಟ್ಟಿ ಸೀಮೆಸುಣ್ಣದ ತುಂಡಿನ ಹಾಗೆ ಆಗಿಬಿಡುತ್ತದೆ. ಎರಡು ತುಂಡನ್ನು ತಾಕಿಸಿದರೆ ಟಕ್ ಎನ್ನುತ್ತದೆ. ಪುಟ್ಟಮಾದಮ್ಮ ಸುದ್ದಿ ಕೇಳಿ ಓಡಿಹೋದಾಗ ದೊಡ್ಡಸಿದ್ದಯ್ಯ ಅಂಗಳದಲ್ಲಿ ಮೊರದ ತುಂಬ ಸತ್ತ ಹುಳ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಒಂದನ್ನು ಎತ್ತಿ ನೋಡಲು ಕೈ ಚಾಚಿದಳು. ಮುದುಕನ ಕಣ್ಣು ಹುಳದ ಮೇಲಿಂದ ಅವಳ ಅಂಗೈಗೆ ಹೋಗಿ ಅಲ್ಲೇ ನಿಂತಿತು.

"ಮುಟ್ಬ್ಯಾಡ ಕೂಸೇ. ಅಲ್ಲೇ ನಿಂತ್ಕಂಡು ಕೈ ತೋರ್ಸು."

"ಯಾಕ್ ಮಾವ? ಒಸಿ ಸಿಪ್ಪೆ ಎದ್ದದೆ ಅಷ್ಟೇಯ."

"ಸಿಪ್ಪೆಯಾ? ಸುಣ್ಣಕಟ್ಟು ಕಣವ್ವ ಅದು! ಉಳಕ್ಕೆ ಬಂದಿರದೇ ನಿನ್ ಕೈಗೂ ಬಂದದೆ. ಇಲ್ಲ, ನಿನ್ ಕೈಲಿರದೇ ನನ್ ಉಳಕ್ಕೆ ಬಂತೋ, ಆ ಮಾದಪ್ಪನಿಗೇ ಗೊತ್ತು."

ಅವಳು ಮೊರದ ಹುಳ ನೋಡಿದಳು, ಅಂಗೈ ನೋಡಿದಳು. ಎರಡೂ ಒಂದೇ ಬಿಳಿ.

ಬೇರೆ ಊರಿನವರಾಗಿದ್ದರೆ ದೇವರ ಮುನಿಸು ಅಂತಲೋ ಗಾಳಿ ಸೋಕಿದೆ ಅಂತಲೋ ಹೇಳಿ ಒಂದು ತಾಯಿತ ಕಟ್ಟಿ ಮುಗಿಸುತ್ತಿದ್ದರು. ರೇಷ್ಮೆ ಊರಿನವರಿಗೆ ತಿಳಿವಳಿಕೆ ಜಾಸ್ತಿ. ಸುಣ್ಣಕಟ್ಟು ಅಂಟುರೋಗ, ತಟ್ಟೆಯಿಂದ ತಟ್ಟೆಗೆ ಕೈ ಮುಖಾಂತರ ಹರಡುತ್ತದೆ ಅಂತ ರೇಷ್ಮೆ ಇಲಾಖೆಯವರು ಗೋಡೆಗೋಡೆಗೂ ಬರೆಸಿದ್ದರು. ಹುಳಕ್ಕೆ ಬೂಷ್ಟು, ಕೈಗೂ ಬೂಷ್ಟು. ಆ ಕೈಯೇ ಹುಳ ಮುಟ್ಟಿದೆ. ಇನ್ನೇನು ಬೇಕು? ಅರ್ಧ ತಿಳಿದವರ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆಯೊಳಗೆ ನಲ್ಲಿಯ ಹತ್ತಿರ ನಾಲ್ಕು ಬಿಂದಿಗೆ ತುಂಬುವಷ್ಟರಲ್ಲಿ ಮಾತು ಊರು ಸುತ್ತಿ ಬಂತು. ನಾಳಿದ್ದು ಹುಳ ಇಳಿಸಲು ಬರಹೇಳಿದ್ದ ಎರಡು ಮನೆಯವರು ಬೇಡವೆಂದು ಹೇಳಿಕಳಿಸಿದರು.

ಪುಟ್ಟಮಾದಮ್ಮ ಯಾರ ಮೇಲೂ ಸಿಟ್ಟಾಗಲಿಲ್ಲ. ಅವಳೂ ಅದನ್ನು ನಂಬಿಬಿಟ್ಟಿದ್ದಳು, ಅದೇ ಕಷ್ಟವಾದದ್ದು. ಇನ್ನು ಹದಿನೈದು ದಿನಕ್ಕೆ ಅವಳ ಮನೆಗೇ ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟಷ್ಟು ಮೊಟ್ಟೆ, ಬರುವುದಿತ್ತು. ತನ್ನ ಮನೆಯ ಹುಳವನ್ನೇ ತಾನು ಇಳಿಸುವ ಹಾಗಿಲ್ಲ ಅಂದರೆ ಈ ಕೈ ಇದ್ದು ಏನು ಪ್ರಯೋಜನ? ಬೂಷ್ಟು ಹತ್ತಿದ ತಟ್ಟೆಗೆ ಏನು ಮಾಡುತ್ತಾರೋ ಅದನ್ನೇ ಅವಳು ಕೈಗೂ ಮಾಡಿದಳು. ಹುಳದ ಮನೆ ತೊಳೆಯುವ ಫಾರ್ಮಲಿನ್ ಕ್ಯಾನು ಅಟ್ಟದ ಮೇಲಿತ್ತು. ದಿನಾ ಮಧ್ಯಾಹ್ನ ಯಾರೂ ಇಲ್ಲದಾಗ ಬೋಗುಣಿಗೆ ನೀರು ಬೆರೆಸಿ ಹುಯ್ದುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಬಲಗೈಯನ್ನು ಅದರಲ್ಲಿ ಅದ್ದಿ ನೂರು ಎಣಿಸುತ್ತಿದ್ದಳು.

ಹತ್ತನೆಯ ದಿನಕ್ಕೆ ಅಂಗೈ ಒಣಗಿದ ಕೆರೆಯಂತೆ ಬಿರಿಯಿತು. ಮುದ್ದೆ ಕಟ್ಟಲು ಕೂತವಳು ಬಿಸಿ ತಾಗಿ "ಅಯ್ಯಪ್ಪಾ" ಅಂದದ್ದು ಮೈದುನ ಮಾದುವಿನ ಕಿವಿಗೆ ಬಿತ್ತು. ಮಾದುವಿಗೆ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಕೋಪ. ಕೈ ಹಿಡಿದು ತಿರುಗಿಸಿ ನೋಡಿದವನು ಮೂಸಿಯೂ ನೋಡಿದ.

"ಅತ್ಗೆ, ನಿಂಗೇನ್ ತಲೆಗಿಲೆ ಕೆಟ್ಟದಾ? ಇದು ತಟ್ಟೆ ತೊಳಿಯೋ ಔಸ್ತಿ!"

"ಮೆಲ್ಲಗ್ ಮಾತಾಡ್ಲಾ. ಬೂಷ್ಟು ಓಗ್ಲಿ ಅಂತ ಆಕ್ದೆ."

"ಬೂಷ್ಟಲ್ಲ, ಕೈಯೇ ಓಯ್ತದೆ. ನಡಿ ಕೊಳ್ಳೇಗಾಲಕ್ಕೆ."

"ಮುದ್ದೆ ಆರೋಯ್ತದೆ ಕಣಪ್ಪ."

"ಮುದ್ದೆ ಮನೆ ಆಳಾಗ! ನಡಿ ಅಂದ್ರೆ ನಡಿ."

ಹೀಗೆ, ಗಂಡ ನಿಂಗರಾಜು ತೋಟದಿಂದ ಬರುವಷ್ಟರಲ್ಲಿ ಅವಳು ಮೈದುನನ ಸೈಕಲ್ಲಿನ ಹಿಂದೆ ಕೂತು ಊರು ದಾಟಿದ್ದಳು. ದಾರಿಯುದ್ದಕ್ಕೂ ಅವನು ದೊಡ್ಡಸಿದ್ದಯ್ಯನ ವಂಶವನ್ನು ಬೈಯುತ್ತಲೇ ತುಳಿದ. ಅವಳಿಗೆ ನೋವಿನ ನಡುವೆಯೂ ನಗು ಬಂತು.

ಡಾಕ್ಟರು ಲಕ್ಷ್ಮಿದೇವಿ ಐವತ್ತು ದಾಟಿದ ಹೆಂಗಸು. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಕ್ಲಿನಿಕ್ಕು ಅವರದು. ಕೈ ಹತ್ತಿರ ತಂದವರೇ ಮುಖ ಹಿಂದಕ್ಕೆ ತೆಗೆದರು.

"ಏನಮ್ಮ ಇದು, ಫಾರ್ಮಲಿನ್ ವಾಸನೆ? ಹೆಣ ಕೆಡದೆ ಇರಲಿ ಅಂತ ಹಾಕೋದು ಅದು. ನೀನಿನ್ನೂ ಬದುಕಿದ್ದೀಯಲ್ಲ!"

ಪುಟ್ಟಮಾದಮ್ಮ ಸೆರಗು ಬಾಯಿಗೆ ಹಿಡಿದಳು. ಡಾಕ್ಟರು ಎಡಗೈಯನ್ನೂ ನೋಡಿದರು. ಅದು ಚೆನ್ನಾಗಿಯೇ ಇದ್ದುದನ್ನು ಕಂಡು ಏನೋ ಗೊತ್ತಾದವರ ಹಾಗೆ ತಲೆಯಾಡಿಸಿ, "ಕಾಲು ತೋರಿಸು" ಅಂದರು.

"ಕಾಲಿಗೇನೂ ಆಗಿಲ್ಲ ಕಣವ್ವ. ಕೈಗೆ ಆಗಿರದು."

"ತೋರಿಸಮ್ಮ."

ಅವಳು ನಾಚಿಕೊಂಡು ಸೀರೆಯೊಳಗಿಂದ ಕಾಲು ಈಚೆ ತೆಗೆದಳು. ಸೊಪ್ಪಿನ ತೋಟದ ಕೆಸರು ತುಳಿದ ಕಾಲು. ಕಿರುಬೆರಳ ಸಂದಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ, ಹಿಮ್ಮಡಿಯ ಸುತ್ತ ಕೈಯಲ್ಲಿದ್ದಂಥದೇ ಸಿಪ್ಪೆ.

"ಇದು ಎಷ್ಟು ದಿನದಿಂದ?"

"ಇದಾ? ಇದು ಮೂರ್ ವರ್ಸದಿಂದ ಅದೆ. ಸಂಜೆ ಆದ್ರೆ ನವೆ. ಕೆರ್ಕೊಂಡ್ರೆ ಇತವಾಯ್ತದೆ."

"ಯಾವ ಕೈಲಿ ಕೆರ್ಕೊಳ್ತೀಯ?"

ಪುಟ್ಟಮಾದಮ್ಮ ತನ್ನ ಬಲಗೈಯನ್ನೇ ನೋಡುತ್ತ ಕೂತಳು.

"ಅದಕ್ಕೇ ಎಡಗೈ ಚೆನ್ನಾಗಿರೋದು" ಅಂದರು ಡಾಕ್ಟರು. ಬ್ಲೇಡಿನ ಅಂಚಿನಿಂದ ಒಂದಿಷ್ಟು ಹೊಟ್ಟನ್ನು ಗಾಜಿನ ಮೇಲೆ ಕೆರೆದುಕೊಂಡು, ಅದಕ್ಕೊಂದು ಹನಿ ಔಷಧಿ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಸೂಕ್ಷ್ಮದರ್ಶಕದ ಹತ್ತಿರ ಅವಳನ್ನೇ ಕರೆದು ತೋರಿಸಿದರು. ಬೆಳಕಿನಲ್ಲಿ ಕವಲೊಡೆದ ಸಣ್ಣ ಸಣ್ಣ ಎಳೆಗಳು ಕಂಡವು.

"ಅಯ್, ನೂಲು ತೆಗ್ದಂಗದಲ್ಲವ್ವ!"

"ಅದೇ ಬೂಷ್ಟು. ಕಾಲಿಂದ ಕೈಗೆ ಬಂದಿದೆ. ಹುಳದಿಂದ ಬಂದದ್ದಲ್ಲ."

ಅಷ್ಟು ಹೊತ್ತು ಬಾಯಿ ಬಿಗಿದುಕೊಂಡಿದ್ದ ಮಾದು ಮುಂದೆ ನುಗ್ಗಿದ. "ಉಳಕ್ಕೆ ಇದು ಅಂಟ್ತದಾ ಮೇಡಂ? ಅಷ್ಟ್ ಯೋಳ್ಬುಡಿ ಸಾಕು."

"ಉಪ್ಪಿನಕಾಯಿಗೆ ಬೂಷ್ಟು ಬಂದರೆ ನಿಮ್ಮ ಹಸುಗೆ ಬರುತ್ತೇನಪ್ಪ? ಬೂಷ್ಟಲ್ಲೂ ಜಾತಿ ಬೇರೆ ಬೇರೆ. ಹುಳದ ಬೂಷ್ಟಿಗೆ ಹುಳವೇ ಬೇಕು, ಇದಕ್ಕೆ ಮನುಷ್ಯರ ಚರ್ಮ ಬೇಕು. ಇವಳ ಟವಲ್ಲಿನಲ್ಲಿ ನೀನು ಮೈ ಒರೆಸಿಕೊಂಡರೆ ನಿನಗೆ ಬರಬಹುದು. ಹುಳಕ್ಕೆ ಬರಲ್ಲ."

"ಅದ್ನೇ ಒಂದ್ ಚೀಟೀಲಿ ಬರ್ದು ಸೀಲ್ ಒಡ್ಕೊಡಿ. ನಮ್ಮೂರ್ ಅರಳಿಕಟ್ಟೆಗೆ ಅಂಟುಸ್ತೀನಿ."

"ಮನುಷ್ಯರಿಗೆ ಚೀಟಿ ಬರೀತೀನಿ. ಹುಳಕ್ಕೆ ಬರೆಯೋಕೆ ನನಗೆ ಲೈಸೆನ್ಸಿಲ್ಲಪ್ಪ."

ಫಾರ್ಮಲಿನ್ ಹತ್ತಿರ ಕೈ ಹೋಗಕೂಡದು. ಬಿರುಕು ಕೂಡುವ ತನಕ ನಾಲ್ಕು ದಿನ ಬರೀ ವ್ಯಾಸಲೀನು, ಆಮೇಲೆ ದಿನಕ್ಕೆ ಎರಡು ಸಲ ಮುಲಾಮು. ಕೈಗೆ ಮಾತ್ರ ಹಚ್ಚಿ ಕಾಲು ಬಿಟ್ಟರೆ ಕಾಲಿನಿಂದ ಮತ್ತೆ ಕೈಗೆ ಬರುತ್ತದೆ, ಎರಡಕ್ಕೂ ಹಚ್ಚಬೇಕು. ತೊಳೆದ ಮೇಲೆ ಬೆರಳ ಸಂದಿಯನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಬೇಕು. ದಿನಾ ಊಟ ಆದ ಮೇಲೆ ಒಂದು ಮಾತ್ರೆ, ಹಾಲಿನ ಜೊತೆ. ಆರು ವಾರ. ಇದಿಷ್ಟನ್ನೂ ಡಾಕ್ಟರು ಮೂರು ಸಲ ಹೇಳಿದರು. "ಮೂರು ವಾರಕ್ಕೇ ಕೈ ಚೆನ್ನಾಗಿ ಕಾಣುತ್ತೆ. ಆಗ ಬಿಟ್ಟೆಯೋ, ಮತ್ತೆ ಇಲ್ಲಿಗೇ ಬರ್ತೀಯ."

ಊರಿಗೆ ಬಂದವನೇ ಮಾದು ಅರಳಿಕಟ್ಟೆಗೆ ಹೊರಟ. ಪುಟ್ಟಮಾದಮ್ಮ ಅವನ ಅಂಗಿಯ ಹಿಂಭಾಗ ಹಿಡಿದೆಳೆದಳು.

"ಬಾಯ್ ಮಾಡ್ಬ್ಯಾಡ ಕಣ್ಲಾ. ನಿನ್ ಮಾತ ಯಾರೂ ಕೇಳಲ್ಲ. ಉಳ ಯೋಳುದ್ರೆ ಕೇಳ್ತರೆ."

ಐದನೆಯ ದಿನ ಮೊಟ್ಟೆ ಬಂತು. ಬಿರುಕು ಕೂಡಿತ್ತು, ಬಿಳಿ ಹಾಗೆಯೇ ಇತ್ತು. ಯಾರು ಇಳಿಸುವುದು? ಆಚೆಯೂರು ಶಾಗ್ಯದಿಂದ ಒಬ್ಬ ಹೆಂಗಸನ್ನು ಕರೆಸಿ ಅಂತ ಬೀದಿಯವರೆಲ್ಲ ನಿಂಗರಾಜುವಿಗೆ ಬುದ್ಧಿ ಹೇಳಿದರು. ದೊಡ್ಡಸಿದ್ದಯ್ಯನೂ ಅದೇ ವಾರ ತನ್ನ ಎರಡನೇ ತೋಟದ ಸೊಪ್ಪು ನೆಚ್ಚಿಕೊಂಡು ಮೊಟ್ಟೆ ತಂದಿದ್ದ. ಅವನು ಶಾಗ್ಯದವಳನ್ನು ಕರೆಸಿಯೂ ಆಗಿತ್ತು. ನಿಂಗರಾಜು ದಿನಕ್ಕೆ ಹತ್ತು ಮಾತು ಆಡುವವನಲ್ಲ. ಸೊಪ್ಪಿನ ಹೊರೆ ಇಳಿಸಿ, ಬೆವರು ಒರೆಸಿಕೊಂಡು, ಬುದ್ಧಿ ಹೇಳಲು ಬಂದವರ ಮುಂದೆಯೇ ಅಂದ: "ಉಳ ನಂದು, ಎಡ್ತಿ ನನ್ನೋಳು. ಅವ್ಳೇ ಇಳುಸ್ಲಿ."

ಮೊಟ್ಟೆ ಒಡೆದ ದಿನ ಪುಟ್ಟಮಾದಮ್ಮ ಸೋಪು ಹಾಕಿ ಎರಡು ಸಲ ಕೈ ತೊಳೆದಳು. ಒಣಬಟ್ಟೆಯಲ್ಲಿ ಒರೆಸಿ, ಕೋಳಿಗರಿ ಹಿಡಿದು ಕೂತಳು. ಡಾಕ್ಟರ ಮಾತು ಸುಳ್ಳಾದರೆ? ಆಮೇಲೆ ಹುಳ ಇಳಿಯತೊಡಗಿದವು, ಅವಳಿಗೆ ಬೇರೆ ಏನೂ ನೆನಪಿರಲಿಲ್ಲ.

ರೇಷ್ಮೆ ಹುಳಕ್ಕೆ ವಾಸನೆ ಆಗದು. ಬೀಡಿ ಸೇದಿದ ಕೈ, ಬೆಳ್ಳುಳ್ಳಿ ಸುಲಿದ ಕೈ ಸೊಪ್ಪು ಮುಟ್ಟಿದರೂ ಮೂತಿ ತಿರುಗಿಸುತ್ತದೆ. ಹಾಗಿದ್ದಮೇಲೆ ಮುಲಾಮಿನ ಕೈ ಹೇಗೆ ಮುಟ್ಟುವುದು? ಅದಕ್ಕೆ ಅವಳೇ ಒಂದು ದಾರಿ ಮಾಡಿಕೊಂಡಳು. ಬೆಳಗಿನ ಸೊಪ್ಪು ಹಾಕಿ ಮುಗಿಸಿ ಮುಲಾಮು. ಮಧ್ಯಾಹ್ನದ ಸೊಪ್ಪಿಗೆ ಮುಂಚೆ ಸೋಪು, ಒಣಬಟ್ಟೆ. ಕೊನೆಯ ಸೊಪ್ಪು ಹಾಕಿ ಮತ್ತೆ ಮುಲಾಮು. ಹುಳದ ಊಟವಾದ ಮೇಲೆ ಕೈಯ ಊಟ. ಅವಳ ಟವಲಿಗೆ ಮಾದು ಕೆಂಪು ದಾರ ಕಟ್ಟಿ, ಬೇರೆ ಗೂಟಕ್ಕೆ ನೇತುಹಾಕಿ, ಯಾರಾದರೂ ಅದರ ಕಡೆ ನೋಡಿದರೂ ಗದರುತ್ತಿದ್ದ.

ಹತ್ತು ದಿನಕ್ಕೆ ನವೆ ಹೋಯಿತು. ಹುಳ ಮೂರನೇ ಜ್ವರ ಎದ್ದು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನುವ ಹೊತ್ತಿಗೆ ಅಂಗೈಯ ಗೆರೆಗಳು ತಿಳಿಯಾದವು. ಒಂದು ಸಂಜೆ ಅವಳು ಕಾಲುಬೆರಳ ಸಂದಿಗೆ ಮುಲಾಮು ತಿಕ್ಕುತ್ತಿದ್ದಾಗ ನಿಂಗರಾಜು ಪಕ್ಕದಲ್ಲಿ ಕೂತು ಅಂದ:

"ಕೈ ಸಂದಾಗದಲ್ಲ. ಸಾಕು ಬುಡು ಇನ್ನು."

"ಮೂರ್ನೇ ಜ್ವರ ಎದ್ದ್ಬುಡ್ತು ಅಂತ ನೀವು ಉಳಕ್ಕೆ ಸೊಪ್ಪಾಕದ ಬುಟ್ಟೀರಾ? ಗೂಡು ಕಟ್ಟೋವರ್ಗೂ ಆಕ್ಬೇಕು ಅಲ್ವಾ? ಇದೂ ಅಂಗೇಯ."

ನಿಂಗರಾಜು ನಕ್ಕು, ಮುಲಾಮಿನ ಟ್ಯೂಬಿನ ಬಾಲ ಸುತ್ತಿ ಸುತ್ತಿ ಉಳಿದದ್ದನ್ನು ಹಿಂಡಿಕೊಟ್ಟ.

ಅವರ ಹುಳ ಹಣ್ಣಾಗಿ ಚಂದ್ರಿಕೆ ಏರಿದವು. ಬಿದಿರಿನ ಸುರುಳಿಗಳ ನಡುವೆ ಕೂತು ಮೂರು ದಿನದಲ್ಲಿ ಗೂಡು ಕಟ್ಟಿದವು. ಸುಣ್ಣಕಟ್ಟು ಒಂದೇ ಒಂದು ಹುಳಕ್ಕೂ ಬರಲಿಲ್ಲ. ಅದಕ್ಕಿಂತ ಒಂದು ವಾರ ಮೊದಲೇ ದೊಡ್ಡಸಿದ್ದಯ್ಯನ ಮನೆಯಲ್ಲಿ, ಪುಟ್ಟಮಾದಮ್ಮನ ನೆರಳೂ ಸೋಕದ ಹುಳಕ್ಕೆ, ಮೂರನೇ ಜ್ವರದಲ್ಲೇ ಸುಣ್ಣಕಟ್ಟು ಬಿದ್ದಿತ್ತು. ಸುದ್ದಿ ಗೊತ್ತಾದ ದಿನ ಮಾದು ಬೀದಿಯಲ್ಲಿ ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟ. ಅತ್ತಿಗೆ ಅವನ ಬೆನ್ನಿಗೊಂದು ಗುದ್ದಿದಳು.

"ಉಳ ಸತ್ತದಕ್ಕೆ ಸಿಳ್ಳೆ ಒಡೀತಿಯೇನ್ಲಾ ಮೂದೇವಿ?"

"ಅವ್ನು ನಿನ್ ಕೈಯ ಅಂಗ್ ಅಂದಾಗ..."

"ಅಂದ. ನಾನೂ ಅಂಗೇ ಅನ್ಕಂಡಿರ್ನಿಲ್ವಾ? ಸುಮ್ಕಿರು."

ಗೂಡು ಬಿಡಿಸುವ ದಿನ ದೊಡ್ಡಸಿದ್ದಯ್ಯ ಬಂದ. ಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಚಂದ್ರಿಕೆಗಳ ತುಂಬ ಕೂತಿದ್ದ ಹಳದಿ ಗೂಡುಗಳನ್ನು ಸುಮ್ಮನೆ ನೋಡಿದ.

"ಸಂದಾಗ್ ಬಂದದೆ" ಅಂದ.

"ಊಂ ಮಾವ. ಬನ್ನಿ, ಕೂತ್ಕಳಿ."

"ನಿನ್ ಕೈಯಿಂದ ಅಲ್ಲ ಅಂತ ಈಗ ಗೊತ್ತಾಯ್ತು ಕಣವ್ವ. ಇನ್ಯಾತ್ರಿಂದ ಅನ್ನದು ತಿಳೀವಲ್ದು. ಸುಣ್ಣ ಬಳ್ದೆ, ಔಸ್ತಿ ಒಡ್ದೆ. ಎಲ್ಲಾ ಮಾಡ್ದೆ."

ಮಾದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಮಾದಮ್ಮ ಕೇಳಿದಳು: "ಸತ್ತ್ ಉಳನ ಏನ್ ಮಾಡುದ್ರಿ ಮಾವ?"

"ತಿಪ್ಪೆಗಾಕ್ದೆ."

"ಉಳದ್ ಮನೆ ಕಿಟ್ಕಿ ಪಕ್ಕದ್ ತಿಪ್ಪೆಗಾ? ಸುಡ್ಬೇಕಿತ್ತಲ್ಲ."

ಮುದುಕ ತಲೆ ತಗ್ಗಿಸಿದ. "ಅನ್ನ ಕೊಡೋ ಉಳನ ಬೆಂಕಿಗಾಕ್ಲಾ? ಇಲಾಖೆಯೋರು ಯೋಳ್ತರೆ. ನನ್ ಕೈಲಿ ಆಗ್ಲಿಲ್ಲ ಕಣವ್ವ. ನಮ್ಮವ್ವನೂ ಸುಡ್ನಿಲ್ಲ, ನಾನೂ ಸುಡ್ನಿಲ್ಲ."

ಅದನ್ನು ಕೇಳಿ ಮಾದುವಿನ ಕೋಪವೂ ಅರ್ಧ ಇಳಿಯಿತು. ತಿಪ್ಪೆಯ ಬೂಷ್ಟು ಗಾಳಿಗೆ ಎದ್ದು, ಕಿಟಕಿಯಿಂದ ಒಳಗೆ ಬಂದು, ಬೆಳೆಯ ಮೇಲೆ ಬೆಳೆ ತಿಂದಿತ್ತು. ಪುಟ್ಟಮಾದಮ್ಮ ಅಂದಳು:

"ಸುಡ್ಬ್ಯಾಡಿ ಬುಡಿ. ಮನೆಯೋರ್ನ ಮಣ್ ಮಾಡ್ದಂಗೆ ಮಣ್ ಮಾಡಿ. ಊರಾಚೆ ಆಳುದ್ದ ಗುಂಡಿ ತೋಡಿ, ಉಳನೂ ಆ ತಿಪ್ಪೆ ಮೇಲ್ಮಣ್ಣೂ ಆಕಿ, ಮೇಲೆ ಸುಣ್ಣ ಸುರಿರಿ. ಮಾದು ಬತ್ತನೆ ಗುಂಡಿ ತೋಡಕೆ."

"ನಾನಾ?" ಅಂದ ಮಾದು.

"ನೀನೇಯ. ಆ ಕೋಪನ ಎಲ್ಲಾರ ಒಂದ್ ಕಡೆ ಇಳುಸ್ಬೇಕಲ್ಲ."

ಮಾದು ಎರಡು ದಿನ ಗುದ್ದಲಿ ಆಡಿಸಿದ. ಬೈಯುತ್ತಲೇ ತೋಡಿದ. ಎರಡನೇ ದಿನ ದೊಡ್ಡಸಿದ್ದಯ್ಯನ ಹೆಂಡತಿ ಶಿವನಂಜಮ್ಮ ಕೋಳಿಸಾರು ಬಡಿಸಿದ ಮೇಲೆ ಬೈಗುಳ ನಿಂತಿತು. ಹುಳದ ಮನೆಯನ್ನು ತೊಳೆದು, ಬಾಗಿಲು ಮುಚ್ಚಿ ಔಷಧಿ ಹೊಡೆದು, ಬಿಸಿಲಿಗೆ ತಟ್ಟೆ ಚಂದ್ರಿಕೆಗಳನ್ನೆಲ್ಲ ಹರವಿದರು. ತಿನ್ನಲು ಹುಳವಿಲ್ಲದೆ ತೋಟದಲ್ಲಿ ಸೊಪ್ಪು ನಿಂತೇ ಇತ್ತು. ದೊಡ್ಡಸಿದ್ದಯ್ಯ ಐವತ್ತೇ ಮೊಟ್ಟೆ ತಂದ.

ಮೊಟ್ಟೆ ಒಡೆದ ಬೆಳಗ್ಗೆ ಶಿವನಂಜಮ್ಮ ಬಂದು ಕರೆದಳು. ಪುಟ್ಟಮಾದಮ್ಮ ತಲೆಗೆ ನೀರು ಹಾಕಿಕೊಂಡು ಹೋದಳು; ಹಿಂದೆಯೇ ಮಾದುವೂ ಹೋದ. ಅಲ್ಲಿ ಬೀದಿಯ ಏಳೆಂಟು ಹೆಂಗಸರು ಆಗಲೇ ಸೇರಿದ್ದರು. ಮೊಟ್ಟೆಯ ಹಾಳೆ ದೊಡ್ಡಸಿದ್ದಯ್ಯನ ಕೈಯಲ್ಲಿತ್ತು. ಕೊಡುವ ಮುಂಚೆ ಒಂದು ಮಾತು ಕೇಳಿಯೇ ಬಿಟ್ಟ:

"ಕೈ ಎಲ್ಲಾ ವಾಸಿ ಆಯ್ತಲ್ಲವ್ವ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಂಗೈ ನುಣುಪಾಗಿತ್ತು, ಯಾರ ಕಣ್ಣಿಗೂ ಬಿಳಿ ಸಿಪ್ಪೆ ಕಾಣುತ್ತಿರಲಿಲ್ಲ. ಮಾದು ಹಿಂದಿನಿಂದ, ಹೌದು ಅನ್ನು ಅತ್ಗೆ ಅಂತ ಪಿಸುಗುಟ್ಟಿದ.

"ಇನ್ನೂ ನಾಕ್ ದಿನ ಮುಲಾಮು ಅದೆ ಮಾವ" ಅಂದಳು ಪುಟ್ಟಮಾದಮ್ಮ. "ಡಾಕ್ಟ್ರಮ್ಮ ಯೋಳಿದ್ ಲೆಕ್ಕ ಮುಗ್ದಿಲ್ಲ. ಪೂರ್ತಿ ಮುಗುದ್ಮೇಲೇ ಮುಟ್ಲಿ ಅಂದ್ರೆ ಇವತ್ತು ಶಿವನಂಜಕ್ಕ ಇಳುಸ್ಲಿ, ನಾನು ಪಕ್ಕದಲ್ಲಿ ಕೂತು ಯೋಳ್ಕೊಡ್ತೀನಿ. ನೀವೇ ನೋಡಿ."

ಹೀಗೆ ಹೇಳಿ ಬಲಗೈ ಬಿಚ್ಚಿ ಅವನ ಮುಂದೆ ಹಿಡಿದಳು. ಹೆಂಗಸರು ಕತ್ತು ಚಾಚಿ ನೋಡಿದರು. ದೊಡ್ಡಸಿದ್ದಯ್ಯ ಬಗ್ಗಿ ಆ ಅಂಗೈಯನ್ನು ಒಂದು ಗಳಿಗೆ ನೋಡಿದ. ಬಿರುಕು ಕೂಡಿದ ಜಾಗದಲ್ಲಿ ಇನ್ನೂ ಎರಡು ಸಣ್ಣ ಗೆರೆ ಉಳಿದಿದ್ದವು. ಮೊಟ್ಟೆಯ ಹಾಳೆಯನ್ನು ತಂದು ಆ ಅಂಗೈಯ ಮೇಲೇ ಇಟ್ಟ.

"ಒತ್ತಾಯ್ತದೆ ಕಣವ್ವ. ಉಳ ಅಸ್ದಿರ್ತವೆ" ಅಂದ.

ಪುಟ್ಟಮಾದಮ್ಮ ಚಾಪೆಯ ಮೇಲೆ ಕೂತು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಾಳೆಯ ಮೇಲೆ ಕಪ್ಪು ಎಳೆಗಳು ಅತ್ತ ಇತ್ತ ಮುಖ ಎತ್ತಿ ಹುಡುಕಾಡುತ್ತಿದ್ದವು. ಗರಿಯ ತುದಿ ತಾಕಿದ್ದೇ ತಡ, ಮೊದಲ ಹುಳ ಸೊಪ್ಪಿನ ಚೂರಿನ ಅಂಚಿಗೆ ಹತ್ತಿ ಕಚ್ಚಿಕೊಂಡಿತು.